ಪುಟದ ಕೆಳಗೆ ಅ.ನಾ.

ಮಾನೇಸರ್
4 ಆಗಸ್ಟ್ 2024

ಅಶ್ವತ್ಥ್ ಮಾಮನಿಗೂ ದೇವಕಿ ಅತ್ತೆಗೂ ಅಮೂಲ್ಯಳ ನಮಸ್ಕಾರ.

ನಿಮ್ಮ ಸಹಾಯ ಬೇಕೆಂದು ಅಮ್ಮ ಮೈಸೂರಿನಿಂದ ಫೋನ್ ಮಾಡಿದಾಗ ನೀವು ಹೇಳಿದಿರಂತೆ: "ಏನಿದ್ರೂ ಅಂಚೇಲಿ ಬರೀಲಿ. ಕನ್ನಡದಲ್ಲೇ ಬರೀಲಿ. ಫೋನು, ಕಂಪ್ಯೂಟರು ನನ್ನ ಹತ್ರ ಬೇಡ." ಅದಕ್ಕೇ ಈ ಪತ್ರ. ತಪ್ಪುಗಳಿದ್ದರೆ ನಗಬೇಡಿ. ನಾನು ನಿಮ್ಮ ಭಾನುವಾರದ ಕನ್ನಡ ಕ್ಲಾಸಿನ ಅದೇ ಅಮೂಲ್ಯ. ದೆಹಲಿಯ ಸರೋಜಿನಿ ನಗರದ ಕ್ವಾರ್ಟರ್ಸಿನಲ್ಲಿ 'ಳ' ಬರೆಯಲು ಬರದೆ ಅತ್ತು, ಅತ್ತೆಯ ಕೈಯಿಂದ ಕೋಡುಬಳೆ ಗಿಟ್ಟಿಸಿದವಳು.

ಈಗ ದೆಹಲಿಯಿಂದ ಸ್ವಲ್ಪ ಆಚೆ, ಮಾನೇಸರಿನ ಒಂದು ಕಾರ್ಖಾನೆಯಲ್ಲಿ ಕೆಲಸ. ಕಾರಿನ ಬಿಡಿಭಾಗಗಳನ್ನು ಮಾಡುತ್ತಾರೆ. ಯಂತ್ರವನ್ನು ಹೇಗೆ ನಡೆಸಬೇಕು, ಹೇಗೆ ನಿಲ್ಲಿಸಬೇಕು ಎಂದು ತಿಳಿಸುವ ಕೈಪಿಡಿ ಬರೆಯುವುದು ನನ್ನ ಪಾಲು. ನಾನು ಇಂಗ್ಲಿಷಿನಲ್ಲಿ ಬರೆಯುತ್ತೇನೆ, ಆಮೇಲೆ ಅದು ಹಿಂದಿಗೆ ಹೋಗುತ್ತದೆ. ತಗಡನ್ನು ಒತ್ತುವ ಹೊಸ ಪ್ರೆಸ್ ಬಂದಿದೆ. ಅದರ ಕೈಪಿಡಿ ನನ್ನ ಮೊದಲನೆಯದು.

ನಮ್ಮ ಮ್ಯಾನೇಜರ್ ದಿಲೀಪ್ ಸರ್ ನನ್ನ ಮೊದಲ ಕರಡಿನಲ್ಲಿ ಮೂವತ್ತೊಂದು ಕಡೆ ಕೆಂಪು ಸುತ್ತು ಹಾಕಿ ವಾಪಸ್ ಕೊಟ್ಟರು. ಎಲ್ಲವೂ ಇ.ಜಿ., ಐ.ಇ., ಎಟ್ಸೆಟ್ರಾ, ವಿಜ್. "ಯೇ ಲ್ಯಾಟಿನ್ ಠೀಕ್ ಕರೋ, ಯಾ ಹಟಾವೋ", ಸರಿಮಾಡು ಇಲ್ಲವೇ ತೆಗೆದುಹಾಕು, ಎಂದರು. ಅವು ಲ್ಯಾಟಿನ್ ಎಂದು ನನಗೆ ಗೊತ್ತೇ ಇರಲಿಲ್ಲ, ಮಾಮ. ಕಾಲೇಜಿನಲ್ಲಿ ಎಲ್ಲರೂ ಉದುರಿಸುತ್ತಿದ್ದರು, ನಾನೂ ಉದುರಿಸಿದೆ. ನೀವು ಮೂವತ್ನಾಲ್ಕು ವರ್ಷ ಸರ್ಕಾರಿ ತಾಂತ್ರಿಕ ಪುಸ್ತಕಗಳನ್ನು ತಿದ್ದಿದವರು. ಯಾವುದನ್ನು ಎಲ್ಲಿ ಹಾಕಬೇಕೆಂದು ಸ್ವಲ್ಪ ಹೇಳಿಕೊಡುತ್ತೀರಾ?

ನಿಮ್ಮ,
ಅಮೂಲ್ಯ


ಲಕ್ಷ್ಮೀ ನಗರ
ದೆಹಲಿ, 12 ಆಗಸ್ಟ್ 2024

ಪ್ರೀತಿಯ ಅಮೂಲ್ಯ,

ನಿನ್ನ ಪತ್ರದಲ್ಲಿ ಹದಿನಾಲ್ಕು ತಪ್ಪುಗಳಿದ್ದವು. ನಗಲಿಲ್ಲ. ದೇವಕಿ ನಕ್ಕಳು. 'ಳ' ಮಾತ್ರ ಚೆನ್ನಾಗಿ ಬಂದಿದೆ, ಕೋಡುಬಳೆ ದಂಡವಾಗಲಿಲ್ಲ.

ಕೇಳು. ಬಹಳ ಹಿಂದೆ ದೇವಕಿ ನನ್ನ ಕೈಗೆ ಚೀಟಿ ಕೊಟ್ಟು ಐ.ಎನ್.ಎ. ಮಾರ್ಕೆಟ್ಟಿಗೆ ಕಳಿಸಿದ್ದಳು. ಚೀಟಿಯಲ್ಲಿ "ಸೊಪ್ಪು, ಉದಾ. ಮೆಂತ್ಯ, ಪಾಲಕ್" ಎಂದಿತ್ತು. ನಾನು ಸಬ್ಬಸಿಗೆ ತಂದೆ. ಬೈಸಿಕೊಂಡೆ. ಆದರೆ ತಪ್ಪು ನನ್ನದಲ್ಲ. 'ಉದಾ.' ಎಂದರೆ ಇವು ಮಾದರಿಗೆ ಒಂದೆರಡು, ಇನ್ನೂ ಬೇರೆಯವು ನಡೆಯುತ್ತವೆ ಎಂದರ್ಥ. ಅದೇ ನಿನ್ನ ಇ.ಜಿ. ಅವಳಿಗೆ ಮೆಂತ್ಯ ಬಿಟ್ಟು ಬೇರೇನೂ ಬೇಡವಾಗಿದ್ದರೆ "ಸೊಪ್ಪು, ಅಂದರೆ ಮೆಂತ್ಯ" ಎಂದು ಬರೆಯಬೇಕಿತ್ತು. ಅದು ಐ.ಇ. ವಿಜ್. ಎಂದರೆ 'ಅವು ಯಾವುವೆಂದರೆ' ಎಂದು ಹೇಳಿ ಒಂದನ್ನೂ ಬಿಡದೆ ಹೆಸರಿಸುವುದು. ಅದರ ಬದಲು ಅಷ್ಟೂ ಮಾತನ್ನೇ ಬರೆ, ಶಾಯಿಯೇನೂ ಮುಗಿದುಹೋಗುವುದಿಲ್ಲ.

ಇನ್ನು ಎಟ್ಸೆಟ್ರಾ. ನಮ್ಮ 'ಇತ್ಯಾದಿ'. ಇ.ಜಿ. ಎಂದು ಶುರುಮಾಡಿದ ಪಟ್ಟಿಯ ಕೊನೆಗೆ ಅದನ್ನು ಹಾಕಬಾರದು, ಒಂದೇ ಮಾತನ್ನು ಎರಡು ಸಲ ಹೇಳಿದಂತಾಗುತ್ತದೆ. ಅದು ಸಣ್ಣ ವಿಷಯ. ದೊಡ್ಡ ವಿಷಯ ಬೇರೆ ಇದೆ. ಎಟ್ಸೆಟ್ರಾ ಕಂಡಲ್ಲೆಲ್ಲ ನಾನು ಅಂಚಿನಲ್ಲಿ "ಯಾವುದು?" ಎಂದು ಬರೆಯುತ್ತಿದ್ದೆ. ನೂರಕ್ಕೆ ತೊಂಬತ್ತು ಸಲ ಬರೆದವನಿಗೆ ಮುಂದಿನದು ಗೊತ್ತಿರುತ್ತಿರಲಿಲ್ಲ, ಅಥವಾ ಹೇಳಲು ಮನಸ್ಸಿರುತ್ತಿರಲಿಲ್ಲ. ಕಥೆ ಪುಸ್ತಕದಲ್ಲಿ ಅದು ಇರಲಿ. ಯಂತ್ರದ ಹತ್ತಿರ ಕೈ ಇಟ್ಟವನಿಗೆ ಬರೆಯುವಾಗ ಬೇಡ.

ಕರಡು ಕಳಿಸು. ಒಂದು ಕರಾರು: ಪ್ರತಿ ಕರಡಿನ ಜೊತೆ ಕನ್ನಡದಲ್ಲಿ ಒಂದು ಪತ್ರ ಇರಬೇಕು. ಬರೀ ಕರಡು ಬಂದರೆ ವಾಪಸ್ ಕಳಿಸುತ್ತೇನೆ.

ಅ.ನಾ.


ಮಾನೇಸರ್
25 ಆಗಸ್ಟ್ 2024

ಮಾಮ, ಅತ್ತೆ, ನಮಸ್ಕಾರ.

ಸಬ್ಬಸಿಗೆ ಕಥೆಯನ್ನು ಆಫೀಸಿನಲ್ಲಿ ಹಿಂದಿಗೆ ತಿರುಗಿಸಿ ಹೇಳಿದೆ. ದಿಲೀಪ್ ಸರ್ ಕೂಡ ನಕ್ಕರು. ಮೂವತ್ತೊಂದು ಸುತ್ತುಗಳಲ್ಲಿ ಇಪ್ಪತ್ತೆರಡನ್ನು ತೆಗೆದೇ ಹಾಕಿದೆ.

ಇಲ್ಲಿ ಕನ್ನಡದವರೊಬ್ಬರು ಸಿಕ್ಕಿದ್ದಾರೆ! ದೇವೇಂದ್ರಪ್ಪ ಅಂತ, ರಾಣೆಬೆನ್ನೂರಿನವರು. ಹತ್ತೊಂಬತ್ತು ವರ್ಷದಿಂದ ಪ್ರೆಸ್ ಆಪರೇಟರ್. ಹೊಸಬರಿಗೆಲ್ಲ ಕಲಿಸುವವರು ಅವರೇ. ಮೊನ್ನೆ ನನ್ನ ಹಾಳೆ ಓದಿಸಿಕೊಂಡು, "ಮೇಡಂ, ಕೈಗವಸು, ಕನ್ನಡಕ, ಎಟ್ಸೆಟ್ರಾ ಹಾಕ್ಕೋಬೇಕು ಅಂತ ಬರ್ದೀರಲ್ಲ, ಈ ಎಟ್ಸೆಟ್ರಾ ಎಲ್ಲಿ ಸಿಗತೈತ್ರೀ? ಸ್ಟೋರಿನ್ಯಾಗ ಕೇಳಿದ್ರ ಕೊಡ್ತಾರೇನು?" ಎಂದರು. ನಿಮ್ಮ "ಯಾವುದು?" ನೆನಪಾಯಿತು. ಕೂಡಲೇ ಬೂಟು, ಕಿವಿಗೆ ಹಾಕುವ ಪ್ಲಗ್ಗು ಎಲ್ಲ ಸೇರಿಸಿದೆ. ಅವರು ಮಧ್ಯಾಹ್ನ ಡಬ್ಬಿಯಿಂದ ನನಗೆ ಶೇಂಗಾ ಚಟ್ನಿ ಕೊಡುತ್ತಾರೆ. ಮನೆಯಿಂದ ದೂರ ಇದ್ದೇನೆ ಎನ್ನುವುದು ಆ ಹೊತ್ತಿಗೆ ಮರೆತುಹೋಗುತ್ತದೆ.

ನಾಲ್ಕನೆಯ ಅಧ್ಯಾಯ ಕಳಿಸಿದ್ದೇನೆ, ಆರು ಪುಟ. ನೋಡಿ ಹೇಳಿ. ಅಚ್ಛಾ, ನಿಮ್ಮ ಆರೋಗ್ಯ ಹೇಗಿದೆ ಎಂದು ಕೇಳಲು ಅಮ್ಮ ಹೇಳಿದ್ದಾರೆ.

ಅಮೂಲ್ಯ


ಲಕ್ಷ್ಮೀ ನಗರ
11 ಸೆಪ್ಟೆಂಬರ್ 2024

ಪ್ರೀತಿಯ ಅಮೂಲ್ಯ,

ತಡವಾಯಿತು. ಆರು ಪುಟಗಳೂ ಇದರ ಜೊತೆ ಇವೆ. ಮೂರನೆಯ ಪುಟದ ಐ.ಇ. ಸರಿಯಿಲ್ಲ, ಅಲ್ಲಿ ಇ.ಜಿ. ಬೇಕು. ಐದನೆಯದರಲ್ಲಿ ವಾಕ್ಯ ಉದ್ದವಾಗಿದೆ, ಉಸಿರು ತೆಗೆದುಕೊಳ್ಳಲು ಜಾಗ ಕೊಡು. ಉಳಿದದ್ದು ಚೆನ್ನಾಗಿದೆ. ನಮ್ಮ ಆಫೀಸಿನಲ್ಲಿ ನಿನ್ನ ಅಮ್ಮ ಟೈಪ್ ಮಾಡಿದ ಹಾಳೆಯಲ್ಲಿ ಹುಡುಕಿದರೂ ತಪ್ಪು ಸಿಗುತ್ತಿರಲಿಲ್ಲ. ಆ ಶಿಸ್ತು ನಿನಗೂ ಬಂದಿದೆ ಎಂದು ಸಂತೋಷವಾಯಿತು.

ದೇವೇಂದ್ರಪ್ಪನವರು ನನಗೆ ಬಹಳ ಹಿಡಿಸಿದರು. ನನ್ನ ವಿಭಾಗದಲ್ಲಿ ಅಂಥವರೊಬ್ಬರು ಇದ್ದಿದ್ದರೆ ನನ್ನ ಅರ್ಧ ಕೆಲಸ ಕಡಿಮೆಯಾಗುತ್ತಿತ್ತು. ಇಲ್ಲಿ ನಮ್ಮ ಕೆಳಗಿನ ಮಹಡಿಯಲ್ಲಿ ಕೋಚಿಂಗ್ ಸೆಂಟರ್ ಇದೆ. ಮಕ್ಕಳು ಮೆಟ್ಟಿಲ ಮೇಲೆ ಕೂತು ಪರಾಠಾ ತಿನ್ನುತ್ತಾ ಪಾಠ ಒಪ್ಪಿಸುತ್ತಾರೆ. ನಾನು ಇಳಿಯುವಾಗ ಎದ್ದು ದಾರಿ ಬಿಡುತ್ತಾರೆ, ಒಳ್ಳೆಯ ಮಕ್ಕಳು.

ಆರೋಗ್ಯಕ್ಕೇನು, ಮಂಡಿನೋವು, ಬಿ.ಪಿ., ಇತ್ಯಾದಿ. ಎಪ್ಪತ್ತಾರಕ್ಕೆ ಇದ್ದದ್ದೇ ಎಂದು ಅಮ್ಮನಿಗೆ ತಿಳಿಸು.

ನಿನ್ನ ಪತ್ರ ಮಾತ್ರ ಎರಡು ಪುಟಕ್ಕಿಂತ ಕಡಿಮೆ ಇರಬಾರದು.

ಅ.ನಾ.


ಮಾನೇಸರ್
29 ಸೆಪ್ಟೆಂಬರ್ 2024

ಮಾಮ, ಅತ್ತೆ, ನಮಸ್ಕಾರ.

ಇಡೀ ಕೈಪಿಡಿ ಮುಗಿಯಿತು! ಅರವತ್ತನಾಲ್ಕು ಪುಟ. ಲಕೋಟೆ ಎಷ್ಟು ದಪ್ಪವಾಯಿತೆಂದರೆ ಅಂಚೆ ಕಚೇರಿಯ ಭಯ್ಯಾ "ಮದುವೆ ಕಾರ್ಡುಗಳಾ?" ಎಂದು ಕೇಳಿದ.

ಏಳನೆಯ ಅಧ್ಯಾಯ ಪೂರ್ತಿ ಹೊಸದು. ಪ್ರೆಸ್ಸಿನೊಳಗೆ ಡೈ ಎನ್ನುವ ಉಕ್ಕಿನ ಅಚ್ಚು ಇರುತ್ತದೆ. ಅದನ್ನು ಬದಲಿಸುವ ವಿಧಾನ ಅಲ್ಲಿದೆ. ಆಪರೇಟರ್ ಕೈ ಒಳಗೆ ಹಾಕಬೇಕಾದ ಕೆಲಸ ಅದೊಂದೇ. ಅವಸರದಲ್ಲಿ ಬರೆದೆ, ಅದನ್ನು ವಿಶೇಷವಾಗಿ ನೋಡಿ. ಹತ್ತನೇ ತಾರೀಖಿನೊಳಗೆ ನನಗೆ ವಾಪಸ್ ಬೇಕು. ನೀವು ನೋಡಿದ ಮೇಲೆ ನನಗೆ ಹೆದರಿಕೆ ಇಲ್ಲ.

ಒಂದು ತಮಾಷೆ. ಹೋದ ಪತ್ರದಲ್ಲಿ ನಿಮ್ಮ ಸಾಲುಗಳು ಬಲಗಡೆಗೆ ಹೋಗುತ್ತಾ ಹೋಗುತ್ತಾ ಬೆಟ್ಟ ಹತ್ತಿದ್ದವು. ಒಂದು ಸಾಲು ಇನ್ನೊಂದರ ಮೇಲೆಯೇ ಕೂತಿತ್ತು. ಡಿ.ಟಿ.ಸಿ. ಬಸ್ಸಿನಲ್ಲಿ ಕೂತು ಬರೆದಿರಾ? ನಮಗಾದರೆ ಸಾಲು ಸೊಟ್ಟಗಾದರೆ ಸ್ಕೇಲಿನಿಂದ ಕೊಡುತ್ತಿದ್ದಿರಿ.

ಅಮೂಲ್ಯ


ಲಕ್ಷ್ಮೀ ನಗರ
7 ಅಕ್ಟೋಬರ್ 2024

ಅಮೂಲ್ಯ,

ಅರವತ್ತನಾಲ್ಕು ಪುಟಗಳನ್ನೂ ವಾಪಸ್ ಕಳಿಸಿದ್ದೇನೆ. ನೋಡಿದ್ದೇನೆ.

ಒಳ್ಳೆಯದಾಗಲಿ.

ಅ.ನಾ.


ಮಾನೇಸರ್
12 ಅಕ್ಟೋಬರ್ 2024

ಮಾಮ!

ಲಕೋಟೆ ಸಿಕ್ಕಿತು. ಒಂದೊಂದೇ ಪುಟ ತಿರುವಿದೆ. ಒಂದು ಕಡೆಯೂ ಕೆಂಪು ಗುರುತಿಲ್ಲ. ಪ್ರತಿ ಪುಟದ ಕೆಳಗೂ ನಿಮ್ಮ "ಅ.ನಾ.", ಅರವತ್ತನಾಲ್ಕು ಸಲ! ಖುಷಿಗೆ ಅಳುವೇ ಬಂತು. ದಿಲೀಪ್ ಸರ್ ಅದನ್ನು ನೋಡಿ, "ಯೇ ಕ್ಯಾ ಹೈ, ಜಲೇಬಿ?" ಎಂದರು. ನಮ್ಮ ಮಾಮ ಕನ್ನಡದಲ್ಲೇ ಇನಿಷಿಯಲ್ ಹಾಕುವುದು, ಅವರು ಮೂವತ್ನಾಲ್ಕು ವರ್ಷ ಇದೇ ಕೆಲಸ ಮಾಡಿದವರು ಎಂದೆ. "ಫಿರ್ ಠೀಕ್ ಹೈ" ಎಂದು ಪರೀಕ್ಷೆಯ ಪ್ರತಿಗಳನ್ನು ಮುದ್ರಣಕ್ಕೆ ಕಳಿಸಿದರು.

ದಸರಾ ಹಬ್ಬದ ಶುಭಾಶಯ. ಈ ಸಲ ಪತ್ರ ಒಂದೇ ಪುಟ, ಕ್ಷಮಿಸಿ. ಕುಣಿಯುವುದು ಬಾಕಿ ಇದೆ.

ಅಮೂಲ್ಯ


ಮಾನೇಸರ್
8 ನವೆಂಬರ್ 2024

ಮಾಮ,

ಇದನ್ನು ಹೇಗೆ ಬರೆಯಬೇಕೋ ತಿಳಿಯುತ್ತಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಇಲ್ಲಿ ಒಂದು ಪದ್ಧತಿ ಇದೆ. ಕೈಪಿಡಿ ಹಂಚುವ ಮೊದಲು ಒಬ್ಬರು ಅದನ್ನು ಗಟ್ಟಿಯಾಗಿ ಓದಬೇಕು, ಆಪರೇಟರ್ ಓದಿದ್ದನ್ನಷ್ಟೇ ಮಾಡಬೇಕು. ಬರೆಯದೇ ಇರುವುದನ್ನು, ತನಗೆ ಗೊತ್ತಿದ್ದರೂ, ಮಾಡಬಾರದು. ಮಧ್ಯೆ ಪ್ರಶ್ನೆಯನ್ನೂ ಕೇಳಬಾರದು. ಬುಧವಾರ ನಾನು ಹಿಂದಿ ಪ್ರತಿಯನ್ನು ಓದಿದೆ, ದೇವೇಂದ್ರಪ್ಪ ಮಾಡಿದರು. ಆರು ಅಧ್ಯಾಯ ಸಲೀಸಾಗಿ ಹೋಯಿತು. ನಲವತ್ತೊಂದನೆಯ ಪುಟ, ಏಳನೆಯ ಅಧ್ಯಾಯ, ಮೂರನೆಯ ಹಂತ: "ಮೇನ್ ಸ್ವಿಚ್ ವಗೈರಾ ಬಂದ್ ಕರೇಂ." ಇಂಗ್ಲಿಷಿನಲ್ಲಿ ನಾನು ಅಲ್ಲಿ ಎಟ್ಸೆಟ್ರಾ ಬರೆದಿದ್ದೆ, ಹಿಂದಿಯವರು ಅದನ್ನು ವಗೈರಾ ಮಾಡಿದ್ದರು.

ದೇವೇಂದ್ರಪ್ಪ ಮೇನ್ ಸ್ವಿಚ್ ಆಫ್ ಮಾಡಿ ನನ್ನ ಮುಖ ನೋಡಿದರು. ನಾನು ಮುಂದಿನ ಸಾಲು ಓದಿಬಿಟ್ಟೆ: "ಡೈಯನ್ನು ಕೈಯಿಂದ ಹಿಡಿಯಿರಿ." ಅವರು ಕೈ ಹಾಕಿದರು. ಕರೆಂಟು ಹೋದರೂ ಕೊಳವೆಯೊಳಗೆ ಗಾಳಿಯ ಒತ್ತಡ ಉಳಿದಿರುತ್ತದಂತೆ. ಪಕ್ಕದ ವಾಲ್ವ್ ತೆರೆದು ಅದನ್ನು ಬಿಡಬೇಕಂತೆ. ನನ್ನ ಪುಟದಲ್ಲಿ ವಾಲ್ವ್ ಇರಲಿಲ್ಲ. ಡೈಯನ್ನು ಕಚ್ಚಿ ಹಿಡಿಯುವ ಕ್ಲಾಂಪ್ ಟಪ್ ಎಂದು ಮುಚ್ಚಿಕೊಂಡಿತು.

ಕೈ ಹೊರಗೆ ಬಂತು, ಮಾಮ. ಕೈಗವಸಿನ ಎರಡು ಬೆರಳ ತುದಿ ಒಳಗೇ ಉಳಿಯಿತು. ಅವರು ಆ ಹರಿದ ಕೈಗವಸು ತೆಗೆದು ಬೆರಳು ಎಣಿಸಿಕೊಂಡರು. ಆಮೇಲೆ ನನಗೇ ಕುರ್ಚಿ ತಂದು ಕೂರಿಸಿದರು. "ಏನೂ ಆಗಿಲ್ಲ ಬಿಡ್ರೀ ಮೇಡಂ, ನೀರು ಕುಡೀರಿ" ಎಂದರು.

ದಿಲೀಪ್ ಸರ್ ನಲವತ್ತೊಂದನೆಯ ಪುಟ ತೆಗೆದು ಕೆಳಗಿನ "ಅ.ನಾ." ಮೇಲೆ ಬೆರಳಿಟ್ಟರು. ಇಲ್ಲಿ ಪುಟದ ಕೆಳಗೆ ಇನಿಷಿಯಲ್ ಹಾಕಿದರೆ ಓದಿ ಒಪ್ಪಿದ್ದೇನೆ ಎಂದರ್ಥ. "ಇವರು ಓದಿದ್ದಾರಾ?" ಎಂದು ಕೇಳಿದರು.

ಎಟ್ಸೆಟ್ರಾ ಕಂಡರೆ ನಿಲ್ಲಬೇಕೆಂದು ಕಲಿಸಿದವರು ನೀವು. ಆ ಪುಟದಲ್ಲಿ ನೀವು ಯಾಕೆ ನಿಲ್ಲಲಿಲ್ಲ?

ಅಮೂಲ್ಯ


ಲಕ್ಷ್ಮೀ ನಗರ
14 ನವೆಂಬರ್ 2024

ಅಮೂಲ್ಯಳಿಗೆ,

ದಿನಾಂಕ 8ರ ನಿನ್ನ ಪತ್ರ ತಲುಪಿತು. ಆ ಆಪರೇಟರ್ ಕ್ಷೇಮವಾಗಿರುವುದು ತಿಳಿದು ಸಮಾಧಾನವಾಯಿತು.

ಒಂದು ವಿಷಯ ಸ್ಪಷ್ಟಪಡಿಸಬೇಕಾಗಿದೆ. ಸರ್ಕಾರಿ ಕಡತದಲ್ಲಿ ಪುಟದ ಕೆಳಗಿನ ಚಿಕ್ಕ ರುಜುವಿಗೆ 'ಈ ಪುಟ ನನ್ನ ಮೇಜಿಗೆ ಬಂದಿತ್ತು, ಕಂಡಿದ್ದೇನೆ' ಎಂದಷ್ಟೇ ಅರ್ಥ. ಒಪ್ಪಿಗೆ ಎಂದರೆ ಪೂರ್ಣ ರುಜು ಮತ್ತು ದಿನಾಂಕ ಇರಬೇಕು. ಮೂವತ್ನಾಲ್ಕು ವರ್ಷದಲ್ಲಿ ನಾನು ಪೂರ್ಣ ರುಜು ಹಾಕಿದ ಪುಸ್ತಕಗಳು ಹನ್ನೊಂದು ಮಾತ್ರ. ಮನೆಯವರ ಪತ್ರಕ್ಕೂ ಚಿಕ್ಕ ರುಜುವೇ ಹಾಕುವವನು ನಾನು. ನಿನ್ನ ಕೈಪಿಡಿಗೆ ಪೂರ್ಣ ರುಜು ಹಾಕಿಲ್ಲ. ಜೊತೆಯ ಪತ್ರದಲ್ಲೂ "ನೋಡಿದ್ದೇನೆ" ಎಂದಿದೆ, "ಒಪ್ಪಿದ್ದೇನೆ" ಎಂದಿಲ್ಲ. ಈ ವ್ಯತ್ಯಾಸವನ್ನು ನಿನ್ನ ಮೇಲಿನವರಿಗೆ ತಿಳಿಸತಕ್ಕದ್ದು.

ಅ.ನಾ.


ಲಕ್ಷ್ಮೀ ನಗರ
15 ಡಿಸೆಂಬರ್ 2024

ಪ್ರೀತಿಯ ಅಮೂಲ್ಯ,

ಕೈಬರಹ ಬೇರೆಯಾಗಿದೆ ಎಂದು ಗಾಬರಿಯಾಗಬೇಡ. ನಾನು ಹೇಳುತ್ತಿದ್ದೇನೆ, ದೇವಕಿ ಬರೆಯುತ್ತಿದ್ದಾಳೆ. ಒಂದು ತಿಂಗಳಿನಿಂದ ನಿನ್ನ ಪತ್ರ ಇಲ್ಲ. ಅಂಚೆಯವನ ಸೈಕಲ್ ಗಂಟೆ ಕೇಳಿದಾಗಲೆಲ್ಲ ಮೆಟ್ಟಿಲ ತನಕ ಹೋಗಿ ಬರುತ್ತೇನೆ. ಇವತ್ತು ಬೆಳಿಗ್ಗೆ ದೇವಕಿ, "ನೀವು ನಿಜ ಹೇಳಿ ಬರೀತೀರೋ, ನಾನೇ ಬರೀಲೋ?" ಎಂದು ಕೇಳಿದಳು.

ನನಗೆ ಕಣ್ಣು ಕಾಣುವುದಿಲ್ಲ, ಮಗು.

ಪೂರ್ತಿ ಕತ್ತಲೆಯಲ್ಲ. ಕಣ್ಣಿನ ನಡುಭಾಗ ಹೋಗಿದೆ ಎಂದು ಡಾಕ್ಟರು ಹೇಳುತ್ತಾರೆ. ಯಾವ ಪದವನ್ನು ಓದಲು ಹೋಗುತ್ತೇನೋ ಆ ಪದವೇ ಅಳಿಸಿಹೋಗುತ್ತದೆ, ಅಕ್ಕಪಕ್ಕದವು ಮಸುಕಾಗಿ ಇರುತ್ತವೆ. ಎರಡು ವರ್ಷವಾಯಿತು. ನಿನ್ನ ಆರು ಪುಟಗಳನ್ನು ದೊಡ್ಡ ಭೂತಗನ್ನಡಿ ಹಿಡಿದು, ಬಾಲ್ಕನಿಯ ಬಿಸಿಲಿನಲ್ಲಿ ಕೂತು, ಒಂದೊಂದೇ ಅಕ್ಷರ ಸೇರಿಸಿ ಓದಿದೆ. ಅದಕ್ಕೇ ಹತ್ತು ದಿನ ಬೇಕಾಯಿತು. ಅರವತ್ತನಾಲ್ಕು ಬಂದಾಗ ಮೊದಲ ಎರಡು ಪುಟಕ್ಕೇ ತಲೆ ಸಿಡಿಯತೊಡಗಿತು. ಹತ್ತನೇ ತಾರೀಖಿನೊಳಗೆ ಬೇಕು ಎಂದು ನೀನು ಬರೆದಿದ್ದೆ. ಹಾಳೆಯ ಕೊನೆ ಎಲ್ಲಿದೆ ಎಂದು ಬೆರಳಿನಿಂದ ತಡವಿ ಅಲ್ಲೊಂದು ಅ.ನಾ. ಹಾಕುತ್ತಾ ಹೋದೆ. ಕಡತದ ಕಾಲದ ಅಭ್ಯಾಸ, ಕೈ ತಾನಾಗಿ ಓಡುತ್ತದೆ. ಸುಳ್ಳು ಹೇಳಬಾರದೆಂದು "ನೋಡಿದ್ದೇನೆ" ಎಂದು ಬರೆದೆ. ಆ ಮಾತೂ ಸುಳ್ಳೇ ಎಂದು ಈಗ ನಾಚಿಕೆಯಾಗುತ್ತದೆ.

ಕೆಳಗಿನ ಕೋಚಿಂಗ್ ಮಕ್ಕಳಲ್ಲಿ ಯಾರನ್ನಾದರೂ ಕರೆದು ಓದಿಸಬಹುದಿತ್ತು. ಊರಿನವರೆಲ್ಲರ ವಾಕ್ಯ ತಿದ್ದಿದವನು ಓದಿಸಿಕೊಳ್ಳುವುದೇ ಎಂಬ ಹಮ್ಮು ಅಡ್ಡ ಬಂತು. ನಿನಗೆ ಹೇಳಿಬಿಡಬಹುದಿತ್ತು. ಹೇಳಿದರೆ ನೀನು ಇನ್ನೊಬ್ಬರನ್ನು ಹುಡುಕಿಕೊಳ್ಳುತ್ತೀಯೆ, ಪತ್ರಗಳು ನಿಲ್ಲುತ್ತವೆ ಎಂದು ಹೆದರಿದೆ. ಕನ್ನಡದಲ್ಲಿ ಬರೆ ಎಂದು ಕರಾರು ಹಾಕಿದ್ದು ಯಾಕೆ ಗೊತ್ತೇ? ದೇವಕಿಗೆ ಇಂಗ್ಲಿಷ್ ಓದಲು ಬಾರದು. ಕನ್ನಡವಾದರೆ ಅವಳು ಓದುತ್ತಾಳೆ, ನಾನು ಕೇಳುತ್ತೇನೆ. ನಿನ್ನ ಪ್ರತಿ ಪತ್ರವನ್ನೂ ಅವಳು ನನಗೆ ಎರಡೆರಡು ಸಲ ಓದಿದ್ದಾಳೆ. ಮೊದಲ ಪತ್ರದ ಹದಿನಾಲ್ಕು ತಪ್ಪು ಎಣಿಸಿದವಳೂ ಅವಳೇ. ದೇವೇಂದ್ರಪ್ಪನವರ ಎಟ್ಸೆಟ್ರಾ ಮಾತನ್ನು ನಾಲ್ಕು ಸಲ ಓದಿಸಿದೆ.

ಆ ಮನುಷ್ಯನ ಕೈ ಹೋಗಿದ್ದರೆ ನಾನು ಏನು ಮಾಡುತ್ತಿದ್ದೆ? ಈ ಯೋಚನೆ ನನ್ನನ್ನು ಬಿಡುತ್ತಿಲ್ಲ. ನಿನ್ನ ಕೆಲಸಕ್ಕೆ ಏನಾಯಿತೆಂದೂ ಗೊತ್ತಿಲ್ಲ. ನನ್ನ ಆ ನವೆಂಬರ್ ಪತ್ರವನ್ನು ಹರಿದು ಹಾಕು. ನನ್ನನ್ನು ಕ್ಷಮಿಸು.

ಅ.ನಾ.

ತಾ.ಕ. ಅಮ್ಮೂ, ಇದು ಅತ್ತೆಯ ಸ್ವಂತ ಮಾತು. ಇವರು ಈ ಪತ್ರ ಹೇಳುವಾಗ ಮೂರು ಸಲ ನಿಲ್ಲಿಸಿದರು. ನಿನಗೆ ಹೇಳಬಾರದೆಂದು ನನ್ನಿಂದ ಆಣೆ ಹಾಕಿಸಿಕೊಂಡಿದ್ದರು. ಕೋಪವಿದ್ದರೆ ಅರ್ಧ ನನ್ನ ಮೇಲೂ ಇರಲಿ. ಆದರೆ ಪತ್ರ ಹಾಕು.


ಮಾನೇಸರ್
20 ಡಿಸೆಂಬರ್ 2024

ನನ್ನ ಮಾಮನಿಗೆ, ನನ್ನ ಅತ್ತೆಗೆ,

ನಿಮ್ಮ ಪತ್ರವನ್ನು ಕ್ಯಾಂಟೀನಿನಲ್ಲಿ ಓದಿದೆ. ಅಳುತ್ತಿರುವುದನ್ನು ಕಂಡು ದೇವೇಂದ್ರಪ್ಪ ಬಂದು ಕೂತರು. ಅವರಿಗೂ ಓದಿ ಹೇಳಿದೆ. "ಅಜ್ಜಾರಿಗೆ ಬರೀರಿ, ನನ್ನ ಹತ್ತೂ ಬೆರಳು ಅದಾವು ಅಂತ. ನಾಳೆ ನಿಮ್ಮನೀಗೆ ಬಂದು ಉಣ್ಣಾಕೂ ಬರ್ತಾವು" ಎಂದರು. ಅವರು ಹೇಳಿದ ಹಾಗೇ ಬರೆದಿದ್ದೇನೆ.

ಈಗ ನಾನು ಬಚ್ಚಿಟ್ಟದ್ದನ್ನು ಹೇಳುತ್ತೇನೆ. ನಾನಿಲ್ಲಿ ಆರು ತಿಂಗಳ ಪ್ರೊಬೇಷನ್ ಮೇಲೆ ಇದ್ದೆ. ಈ ಕೈಪಿಡಿ ಸರಿಯಾಗದಿದ್ದರೆ ಕೆಲಸ ಖಾಯಂ ಇಲ್ಲ ಎಂದು ಮೊದಲ ದಿನವೇ ಹೇಳಿದ್ದರು. ಅಮ್ಮನಿಗೂ ಹೇಳಿರಲಿಲ್ಲ. ಏಳನೆಯ ಅಧ್ಯಾಯ ಬರೆಯುವಾಗ ಮೇನ್ ಸ್ವಿಚ್ಚಿನ ನಂತರ ಇನ್ನೂ ಏನೋ ಇದೆ ಎಂದು ನನಗೆ ಅನ್ನಿಸಿತ್ತು, ಮಾಮ. ಕೇಳಿದರೆ ಇಷ್ಟೂ ಗೊತ್ತಿಲ್ಲವೇ ಎಂದಾರು ಎಂದು ಎಟ್ಸೆಟ್ರಾ ಹಾಕಿ ಮುಂದೆ ಹೋದೆ. ಆಗಸ್ಟಿನಲ್ಲೇ ನೀವು ಎಚ್ಚರಿಸಿದ್ದಿರಿ. ದಿಲೀಪ್ ಸರ್‌ಗೆ ಇದನ್ನೆಲ್ಲ ಬರೆದುಕೊಟ್ಟಿದ್ದೇನೆ. ತಪ್ಪು ಬರೆದವಳದ್ದು, ಆ ಅ.ನಾ.ದ ಅರ್ಥವನ್ನು ನಾನು ಕೇಳದೆ ಊಹಿಸಿದೆ ಎಂದೂ ಸೇರಿಸಿದ್ದೇನೆ. ಪ್ರೊಬೇಷನ್ನನ್ನು ಇನ್ನು ಮೂರು ತಿಂಗಳು ಮುಂದೆ ಹಾಕಿದ್ದಾರೆ. ಇದು ಕೊನೆಯ ಅವಕಾಶ.

ನಿಮ್ಮ ಸೆಪ್ಟೆಂಬರ್ ಪತ್ರವನ್ನು ಹೊರಗೆ ತೆಗೆದೆ. "ಮಂಡಿನೋವು, ಬಿ.ಪಿ., ಇತ್ಯಾದಿ." ಆ ಇತ್ಯಾದಿ ಯಾವುದು ಎಂದು ನಾನು ಕೇಳಬೇಕಿತ್ತು. ದೇವೇಂದ್ರಪ್ಪ ನನ್ನನ್ನು ಕೇಳಿದರು, ನಾನು ನಿಮ್ಮನ್ನು ಕೇಳಲಿಲ್ಲ. ಸಾಲುಗಳು ಬೆಟ್ಟ ಹತ್ತಿದರೂ ಬಸ್ಸಿನ ತಮಾಷೆ ಮಾಡಿದೆ. ಆ ಒಂದು ತಿಂಗಳು ಸಿಟ್ಟಿನಿಂದ ಬರೆಯದೆ ಕೂತದ್ದಕ್ಕೆ ನೀವೂ ನನ್ನನ್ನು ಕ್ಷಮಿಸಬೇಕು.

ನಾನು ಇನ್ನೊಬ್ಬರನ್ನು ಹುಡುಕಿಕೊಳ್ಳುವುದಿಲ್ಲ. ಈ ಭಾನುವಾರದಿಂದ ನಾನೇ ಬರುತ್ತೇನೆ. ಮೆಟ್ರೋದ ಹಳದಿ ಲೈನು, ರಾಜೀವ್ ಚೌಕಿನಲ್ಲಿ ಇಳಿದು ನೀಲಿ ಲೈನು, ಎಲ್ಲ ನೋಡಿಟ್ಟುಕೊಂಡಿದ್ದೇನೆ. ನಾನು ಕೈಪಿಡಿಯನ್ನು ಕನ್ನಡದಲ್ಲಿ ಹೇಳುತ್ತಾ ಹೋಗುತ್ತೇನೆ, ನೀವು ಕಣ್ಣು ಮುಚ್ಚಿ ಕೇಳಿ. ಅರ್ಥವಾಗದಲ್ಲಿ "ಯಾವುದು?" ಎಂದು ಕೇಳಿ. ಅತ್ತೆಯೂ ಕೇಳಬಹುದು. ಚಲೋ, ಡನ್?

ಪತ್ರಗಳು ನಿಲ್ಲುವುದಿಲ್ಲ. ವಾರದ ಮಧ್ಯೆ ಬರುತ್ತವೆ.

ನಿಮ್ಮ ಅಮೂಲ್ಯ


ಮಾನೇಸರ್
9 ಫೆಬ್ರವರಿ 2025

ಮಾಮ, ಅತ್ತೆ, ನಮಸ್ಕಾರ.

ಈ ಭಾನುವಾರ ಬರಲಾಗಲಿಲ್ಲ, ಕಾರ್ಖಾನೆಯಲ್ಲಿ ಕೆಲಸವಿತ್ತು. ಸುದ್ದಿಯನ್ನು ಮೊದಲು ನಿಮಗೇ ಬರೆಯಬೇಕೆಂದು ಅಮ್ಮನಿಗೂ ಫೋನ್ ಮಾಡಿಲ್ಲ.

ಶುಕ್ರವಾರ ಮತ್ತೆ ಪರೀಕ್ಷೆ ನಡೆಯಿತು. ಬೇರೆ ಆಪರೇಟರ್ ಇರಲಿ ಎಂದು ದಿಲೀಪ್ ಸರ್ ಹೇಳಿದರು. ದೇವೇಂದ್ರಪ್ಪ ಒಪ್ಪಲೇ ಇಲ್ಲ. "ಹೋದ ಸಲ ಅರ್ಧಕ್ಕ ನಿಂತೈತಿ, ಮುಗಿಸಾಂವ ನಾನ" ಎಂದು ಹೊಸ ಕೈಗವಸು ಹಾಕಿಕೊಂಡರು. ನಲವತ್ತೊಂದನೆಯ ಪುಟಕ್ಕೆ ಬಂದೆವು. ಅಲ್ಲಿ ಈಗ ಅತ್ತೆ ಹೇಳಿದ ಹಾಗೇ ಇದೆ: ಮೇನ್ ಸ್ವಿಚ್ ಆರಿಸಿ. ನೀಲಿ ಹಿಡಿಯ ವಾಲ್ವ್ ತೆರೆಯಿರಿ. ಗಾಳಿ ಹೋಗುವ ಸದ್ದು ಪೂರ್ತಿ ನಿಲ್ಲುವವರೆಗೆ ಕಾಯಿರಿ. ಆಮೇಲೆ ಕೈ ಹಾಕಿ. "ಎಷ್ಟು ಹೊತ್ತು ಕಾಯ್ಬೇಕು ಅಂತ ಹೇಳ್ದೆ ಹೋದ್ರೆ ಅವನಿಗೆ ಹೆಂಗೆ ಗೊತ್ತಾಗ್ಬೇಕು?" ಎಂದು ಅತ್ತೆ ಅಡಿಗೆಮನೆಯಿಂದ ಕೇಳಿದ್ದರಲ್ಲ, ಆ ಸಾಲು ಅವರದ್ದೇ. ಗಾಳಿ ಬುಸ್ ಎಂದು ಹೋಗುವಷ್ಟು ಹೊತ್ತೂ ನಾವೆಲ್ಲ ಕಿವಿಗೊಟ್ಟು ನಿಂತಿದ್ದೆವು. ದೇವೇಂದ್ರಪ್ಪ ಡೈ ಹೊರತೆಗೆದು ಮೇಜಿನ ಮೇಲಿಟ್ಟು, ಎರಡೂ ಕೈ ಎತ್ತಿ ನನಗೆ ತೋರಿಸಿದರು.

ಅರವತ್ತೆಂಟು ಪುಟದಲ್ಲಿ ಒಂದೂ ಎಟ್ಸೆಟ್ರಾ ಇಲ್ಲ. ಇ.ಜಿ. ಎರಡು ಕಡೆ ಇದೆ, ಎರಡೂ ಇರಲಿ ಎಂದು ನೀವೇ ಹೇಳಿದವು. ನನ್ನ ಕೆಲಸ ಖಾಯಂ ಆಗುವುದು ಇನ್ನೊಂದು ಕಾಗದದ ಮೇಲೆ ನಿಂತಿದೆ. ಪರಿಶೀಲಿಸಿದವರ ಹೆಸರಿಗೆ ಒಂದು ಹಾಳೆ ಇದೆ. ದಿಲೀಪ್ ಸರ್ ತಾವಾಗಿಯೇ, "ಅಂಕಲ್ ಸೇ ಕರವಾಓ, ಲೇಕಿನ್ ಪೂರಾ ನಾಮ್" ಎಂದರು. ಪೂರ್ತಿ ಹೆಸರಿನ ರುಜುವೇ ಬೇಕಂತೆ. ಹಾಳೆಯನ್ನು ಜೊತೆಗೆ ಕಳಿಸಿದ್ದೇನೆ. ನೀವು ಒಪ್ಪಿದರೆ ಮಾತ್ರ ಹಾಕಿ. ಒಪ್ಪದಿದ್ದರೆ ಎಲ್ಲಿ ಎಂದು ಹೇಳಿ, ಬಂದು ಮತ್ತೆ ಓದುತ್ತೇನೆ.

ನನಗಾಗಿ ಇನ್ನೊಂದು ಕೆಲಸ ಮಾಡಿ. ನಿಮ್ಮ ಆರೋಗ್ಯದ ಪಟ್ಟಿ, ಇತ್ಯಾದಿ ಇಲ್ಲದೆ.

ಅಮೂಲ್ಯ


ಲಕ್ಷ್ಮೀ ನಗರ
15 ಫೆಬ್ರವರಿ 2025

ಮಗು,

ಇದು ನನ್ನದೇ ಕೈಬರಹ. ದೇವಕಿ ಮಿಠಾಯಿ ಡಬ್ಬಿಯ ಮುಚ್ಚಳದಲ್ಲಿ ಒಂದು ಸಾಲಿನಷ್ಟು ಉದ್ದದ ಸೀಳು ಕತ್ತರಿಸಿಕೊಟ್ಟಿದ್ದಾಳೆ. ಅದರೊಳಗೆ ಪೆನ್ನು ಆಡಿಸುತ್ತೇನೆ. ಸಾಲು ಬೆಟ್ಟ ಹತ್ತಿದರೆ ಸ್ಕೇಲು ತಂದು ಕೊಡು.

ನೀನು ಕೇಳಿದ ಪಟ್ಟಿ. ಎಡ ಮಂಡಿ ನೋಯುತ್ತದೆ. ಬಿ.ಪಿ. ಇದೆ, ಮಾತ್ರೆ ತಪ್ಪಿಸುವುದಿಲ್ಲ. ಎರಡೂ ಕಣ್ಣಿನ ನಡುಭಾಗ ಇಲ್ಲ, ವಾಪಸ್ ಬರುವುದಿಲ್ಲ. ಬಲ ಕಿವಿ ಮಂದ. ಶನಿವಾರ ಸಂಜೆಯಿಂದಲೇ ನೀನು ಬರುತ್ತೀಯೋ ಇಲ್ಲವೋ ಎಂಬ ಚಡಪಡಿಕೆ. ಹೋದ ಭಾನುವಾರ ನೀನು ಬರಲಿಲ್ಲ, ಊಟ ಸೇರಲಿಲ್ಲ. ಇಷ್ಟೇ. ಬೇರೇನೂ ಬಿಟ್ಟಿಲ್ಲ.

ದೇವೇಂದ್ರಪ್ಪನವರ ಹತ್ತೂ ಬೆರಳಿಗೆ ನನ್ನ ನಮಸ್ಕಾರ ತಿಳಿಸು. ಮುಂದಿನ ಭಾನುವಾರ ಅವರನ್ನೂ ಕರೆದುಕೊಂಡು ಬಾ. ದೇವಕಿ ಅಕ್ಕಿರೊಟ್ಟಿ ಮಾಡುತ್ತಾಳಂತೆ, ಸಬ್ಬಸಿಗೆ ಹಾಕಿ.

ಹಾಳೆಯನ್ನು ಇದರ ಜೊತೆ ಇಟ್ಟಿದ್ದೇನೆ. ಬರೆಯುವಾಗ ಪೆನ್ನು ಗೆರೆಯಿಂದ ಆಚೆ ಹೋಯಿತು, ಮುಚ್ಚಳದ ಸೀಳು ಸಾಲಲಿಲ್ಲ. ನಿನ್ನ ದಿಲೀಪ್ ಜಲೇಬಿ ಎಂದರೆ ಎನ್ನಲಿ. ಅರವತ್ತೆಂಟು ಪುಟಗಳನ್ನೂ ನಿನ್ನ ಬಾಯಲ್ಲಿ ಕೇಳಿದ್ದೇನೆ. ಒಪ್ಪಿದ್ದೇನೆ.

ನಿನ್ನ ಮಾಮ,
ಅಶ್ವತ್ಥನಾರಾಯಣ
15-2-2025